ಮೋಟಾರ್‌ಹೋಮ್‌ಗೆ ಚಾಸಿ ಕೊಳ್ಳುವ ಮುಂಚೆ ತೂಕ ಕೂಡಿಸಿ

ಹಳೆಯ 13 ಸೀಟಿನ ವ್ಯಾನನ್ನೇ ಚಾಸಿಯಾಗಿ, ಅಂದರೆ ಮನೆ ಹೊರುವ ಬುಡವಾಗಿ ಕೊಂಡು ಮೋಟಾರ್‌ಹೋಮ್ (ಚಕ್ರದ ಮೇಲಿನ ಮನೆ) ಮಾಡಿಸುವ ಯೋಚನೆ ಇದ್ದರೆ, ಇದನ್ನು ಓದಿ ಆಮೇಲೆ ಅಡ್ವಾನ್ಸ್ ಕೊಡಿ. ಹಾಗೆ ಮಾಡಿಸಿದ ಒಂದು ವ್ಯಾನು ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕಿನ ಡ್ರಮ್ ಕಾದು, ಪೆಡಲ್ ಪೂರ್ತಿ ಒತ್ತಿದರೂ ಬ್ರೇಕ್ ಹಿಡಿಯಲಿಲ್ಲ. ಮೊದಲನೇ ಗೇರಿಗೆ ತಂದು ಎಂಜಿನ್ ಹಿಡಿತದಲ್ಲೇ ನಿಲ್ಲಿಸಿದ್ದರಿಂದ ನಾಲ್ಕು ಜೀವ ಉಳಿದವು. ಕೆಳಗೆ ಬಗ್ಗಿ ನೋಡಿದರೆ ಹಿಂದಿನ ಲೀಫ್ ಸ್ಪ್ರಿಂಗಿನ (ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟು) ಮೇನ್ ಪ್ಲೇಟ್ ಬಿರುಕು ಬಿಟ್ಟಿತ್ತು.

"ಹದಿಮೂರು ಜನ ಕೂರುವ ಗಾಡಿ ಸಾರ್, ನಾಲ್ಕು ಜನದ ಮನೆ ಹೊರಲ್ವಾ?" ಎಂದಿದ್ದರು ವರ್ಕ್‌ಶಾಪಿನವರು. ಎಷ್ಟೋ ಜನ ಮೋಸ ಹೋಗುವುದು ಈ ಮಾತಿಗೇ. ಆರ್‌ಸಿ ಪ್ರಕಾರ ಆ ವ್ಯಾನಿನ ಒಟ್ಟು ತೂಕದ ಮಿತಿ 3,500 ಕೆ.ಜಿ., ಖಾಲಿ ತೂಕ 2,400. ಸೀಟು ಕಿತ್ತಾಗ 220 ಇಳಿಯಿತು. ಅಲ್ಲಿಗೆ ಹೇರಬಹುದಾಗಿದ್ದದ್ದು 1,320 ಕೆ.ಜಿ.

ಹೇರಿದ್ದನ್ನು ನೋಡಿ. 18 ಮಿ.ಮೀ. ಪ್ಲೈವುಡ್ ಎಂಟಡಿ-ನಾಲ್ಕಡಿ ಶೀಟು ಒಂದಕ್ಕೆ ಸುಮಾರು 34 ಕೆ.ಜಿ.; 14 ಶೀಟಿಗೆ 476. ಕಬ್ಬಿಣದ ಫ್ರೇಮ್, ಅಲ್ಯೂಮಿನಿಯಂ ಹೊದಿಕೆ 190. ನೀರು 200 ಲೀಟರ್, ಅಂದರೆ 200 ಕೆ.ಜಿ. ಎರಡು ಟ್ಯೂಬುಲರ್ ಬ್ಯಾಟರಿ 110. ಏಸಿ, ಫ್ರಿಜ್, ಜನರೇಟರ್ 125. ಸೋಲಾರ್ ಪ್ಯಾನೆಲ್, ಪಕ್ಕದ ನೆರಳು ಬಟ್ಟೆ 90. ಹಾಸಿಗೆ 40, ನಾಲ್ಕು ಜನ 280, ಪಾತ್ರೆ-ಬಟ್ಟೆ-ದಿನಸಿ-ಟೂಲ್ಸ್ 150. ಕೂಡಿಸಿದರೆ 1,661. ಮಿತಿಗಿಂತ 341 ಕೆ.ಜಿ. ಹೆಚ್ಚು!

ಒಟ್ಟು ತೂಕಕ್ಕಿಂತ ಕೆಟ್ಟದ್ದು ಅದು ಕೂತ ಜಾಗ. ನೀರಿನ ಟ್ಯಾಂಕನ್ನು ಹಿಂದಿನ ಆಕ್ಸಲ್ (ಎರಡು ಚಕ್ರ ಜೋಡಿಸುವ ಅಚ್ಚು) ದಾಟಿ ಒಂದು ಮೀಟರ್ ಹಿಂದಕ್ಕೆ ಕೂರಿಸಿದ್ದರು. ವೀಲ್‌ಬೇಸ್, ಅಂದರೆ ಮುಂದಿನ-ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ, 3.35 ಮೀಟರ್ ಇದ್ದಾಗ ಅಲ್ಲಿಟ್ಟ 200 ಕೆ.ಜಿ. ಹಿಂದಿನ ಆಕ್ಸಲಿಗೆ 260 ಆಗುತ್ತದೆ; ಮೇಲಿನ 60 ಮುಂದಿನ ಚಕ್ರಗಳಿಂದ ಎತ್ತಿಕೊಂಡದ್ದು. ಸ್ಟೀರಿಂಗ್ ಹಗುರಾಗಿ ಮಳೆಯಲ್ಲಿ ಮುಂದಿನ ಚಕ್ರ ಜಾರುವುದು ಇದರಿಂದಲೇ. ಹಿಂದಿನ ಆಕ್ಸಲಿನ ಮಿತಿ 2,300 ಇದ್ದಲ್ಲಿ ವೇಬ್ರಿಡ್ಜ್ (ಗಾಡಿ ತೂಗುವ ಕಾಟಾ) 2,710 ತೋರಿಸಿತು.

ಇಂಥ ಗಾಡಿಗೆ ಸಿಗುವ ಸಲಹೆ ಒಂದೇ: "ಸ್ಪ್ರಿಂಗಿಗೆ ಎರಡು ಪ್ಲೇಟ್ ಜಾಸ್ತಿ ಹಾಕಿಸಿ." ದಯವಿಟ್ಟು ಕೇಳಬೇಡಿ. ಪ್ಲೇಟ್ ಸೇರಿಸಿದರೆ ಗಾಡಿಯ ಹಿಂಭಾಗ ಎದ್ದು ನಿಲ್ಲುತ್ತದೆ, ಅಷ್ಟೇ. ಬ್ರೇಕ್, ಬೇರಿಂಗ್, ಆಕ್ಸಲ್, ಟೈರು ಯಾವುದೂ ಬಲವಾಗಲಿಲ್ಲ. ಆರ್‌ಸಿಯ ಮಿತಿಯೂ ಬದಲಾಗಲಿಲ್ಲ. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಮಿತಿ ಮೀರಿದರೆ 20,000 ರೂ. ದಂಡ, ಹೆಚ್ಚುವರಿ ಟನ್ನಿಗೆ ಮತ್ತೆ 2,000.

ಟೈರಿನ ಪಕ್ಕದಲ್ಲಿರುವ ಲೋಡ್ ಇಂಡೆಕ್ಸ್ ಕೂಡ ಓದಿ. 107 ಅಂದರೆ ಟೈರೊಂದಕ್ಕೆ 975 ಕೆ.ಜಿ. ಹಿಂದೆ ಬದಿಗೊಂದೇ ಚಕ್ರವಿದ್ದು ಆಕ್ಸಲ್ ಮಿತಿ 2,300 ಇದ್ದರೆ 113ಕ್ಕಿಂತ (ಟೈರೊಂದಕ್ಕೆ 1,150 ಕೆ.ಜಿ.) ಕಡಿಮೆಯದು ಬೇಡ.

ಆದ್ದರಿಂದ ಮೊದಲು ಒಳಗಿನ ಸಾಮಾನಿನ ಪಟ್ಟಿ, ಆಮೇಲೆ ಚಾಸಿ. ಪಟ್ಟಿಯ ಮೊತ್ತಕ್ಕೆ ಶೇ. 20 ಸೇರಿಸಿ; ಆ ಲೆಕ್ಕದಲ್ಲಿ ಮೇಲೆ ಹೇಳಿದ 1,661ಕ್ಕೆ ಸುಮಾರು 2,000 ಕೆ.ಜಿ. ಹೊರುವ ಗಾಡಿಯೇ ಬೇಕಿತ್ತು. ಕ್ಯಾಬಿನ್ ಮಾತ್ರ ಇರುವ ಚಾಸಿ ಕೊಳ್ಳುವವರು ಇನ್ನೂ ಹುಷಾರಾಗಿರಿ: ಅದಕ್ಕೆ ಹೇಳುವ ಪೇಲೋಡಿನಲ್ಲಿ (ಹೇರಬಹುದಾದ ತೂಕದಲ್ಲಿ) ನೀವು ಕಟ್ಟಿಸುವ ಬಾಡಿಯೂ ಸೇರಿದೆ, ಅದೇ 600-700 ಕೆ.ಜಿ. ತಿನ್ನಬಹುದು. ದೊಡ್ಡ ಚಾಸಿಗೆ ಬೇರೆ ಲೈಸೆನ್ಸ್ ಬೇಕೆಂದು ಹೆದರಬೇಡಿ, ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ 7,500 ಕೆ.ಜಿ.ವರೆಗೆ ನಡೆಯುತ್ತದೆ.

ಚಿಕ್ಕ ಗಾಡಿಯೇ ಸಾಕೆಂದರೆ ತೂಕ ಇಳಿಸಿ. ಪ್ಲೈ 12 ಮಿ.ಮೀ. ಸಾಕು, ಶೀಟಿಗೆ 23 ಕೆ.ಜಿ. ಆಗುತ್ತದೆ. 55 ಕೆ.ಜಿ.ಯ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಟ್ಯೂಬುಲರ್ ಬದಲು 12 ಕೆ.ಜಿ.ಯ 100 ಎಎಚ್ ಲಿಥಿಯಂ ಫಾಸ್ಫೇಟ್ ಹಾಕಿ. ಟ್ಯೂಬುಲರನ್ನು ಪೂರ್ತಿ ಖಾಲಿ ಮಾಡುವಂತಿಲ್ಲ, ಹಾಗಾಗಿ ಬಳಕೆಗೆ ಸಿಗುವ ಕರೆಂಟು ಹೆಚ್ಚುಕಮ್ಮಿ ಅಷ್ಟೇ. ಟ್ಯಾಂಕು ಎರಡು ಆಕ್ಸಲ್‌ಗಳ ನಡುವೆ ಇರಲಿ.

ಕೊಳ್ಳುವ ದಿನವೇ ಡೀಸೆಲ್ ತುಂಬಿಸಿ ಖಾಲಿ ಗಾಡಿಯನ್ನು ವೇಬ್ರಿಡ್ಜಿಗೆ ಹತ್ತಿಸಿ, ಆರ್‌ಸಿಯ ಅಂಕಿಯನ್ನಷ್ಟೇ ನಂಬಬೇಡಿ. ಕೆಲಸ ಮುಗಿದ ಮೇಲೆ ನೀರು, ಜನ, ಸಾಮಾನು ಸಮೇತ ಮೂರು ಸಲ ತೂಗಿಸಿ: ಮುಂದಿನ ಚಕ್ರ ಮಾತ್ರ, ಪೂರ್ತಿ ಗಾಡಿ, ಹಿಂದಿನ ಚಕ್ರ ಮಾತ್ರ. ಮೂರು ಚೀಟಿ ಕೈಗೆ ಬರುವ ತನಕ ವರ್ಕ್‌ಶಾಪಿಗೆ ಕೊನೆಯ ಕಂತು ಕೊಡಬೇಡಿ.