ಕಸಿದವನ ಕೈಯಲ್ಲಿ ಫೋನ್: ಯಾವ ಬೀಗ ಎಷ್ಟು ಗಟ್ಟಿ?

ಮುಂಬೈ ಲೋಕಲಿನ ಬಾಗಿಲಲ್ಲಿ ನಿಂತು ಫೋನ್ ನೋಡುವವರಿಗೆ ಫಟ್ಕಾ ಗ್ಯಾಂಗಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಳಿಯ ಬದಿಯಲ್ಲಿ ನಿಂತವನು ಕೋಲಿನಿಂದ ಕೈಗೆ ಬಾರಿಸುತ್ತಾನೆ, ಫೋನ್ ಕೆಳಗೆ ಬೀಳುತ್ತದೆ, ಗಾಡಿ ಮುಂದೆ ಹೋಗುತ್ತದೆ. ಹೀಗೆ ಹೋದ ಫೋನ್ ಬೀಗ ತೆರೆದೇ ಕಳ್ಳನಿಗೆ ಸಿಗುತ್ತದೆ. ಆದ್ದರಿಂದ ಡೊಂಬಿವಲಿಯ ನಮ್ಮ ಮನೆಯಲ್ಲಿ ಹೋಲಿಕೆಗೆ ಕುಳಿತಾಗ ನಾನು ಇಟ್ಟುಕೊಂಡ ಅಳತೆಗೋಲು ಒಂದೇ: ಪರದೆ ತೆರೆದಿರುವಾಗಲೇ ಕಸಿದುಕೊಂಡರೆ ಯಾವ ಉಪಾಯ ಉಳಿಯುತ್ತದೆ? ನನ್ನದು ಆಂಡ್ರಾಯ್ಡ್, ಹೆಂಡತಿಯದು ಐಫೋನ್, ಭಾವನದು ಹಳೆಯ ಆಂಡ್ರಾಯ್ಡ್. ಮೂರನ್ನೂ ಪ್ರಯೋಗಕ್ಕೆ ಒಡ್ಡಿದೆ.

ಪರದೆಯ ಬೀಗದ ವಿಷಯ ಬೇಗ ಮುಗಿಸುತ್ತೇನೆ. ಒಂಬತ್ತು ಚುಕ್ಕೆಗಳ ಪ್ಯಾಟರ್ನಿನಲ್ಲಿ 3,89,112 ಬಗೆಯ ಗೆರೆಗಳು ಸಾಧ್ಯ. ಆದರೆ ಭಾವನವರು ಎಳೆಯುವುದು ಇಂಗ್ಲಿಷಿನ ಎಲ್ ಅಕ್ಷರ. ಲೋಕಲಿನ ಮೂವರ ಆಸನದಲ್ಲಿ ನಾಲ್ಕನೆಯವನಾಗಿ ಅರ್ಧ ಕುಳಿತು ಅರ್ಧ ತೂಗಾಡುತ್ತಿರುವ ಪಕ್ಕದವನಿಗೂ ಅದು ಕಾಣುತ್ತದೆ. ನಾಲ್ಕಂಕಿಯ ಪಿನ್ ಹತ್ತು ಸಾವಿರ ಬಗೆಯಲ್ಲಿರಬಹುದು, ಆರಂಕಿಯದು ಹತ್ತು ಲಕ್ಷ ಬಗೆಯಲ್ಲಿ. ಬೆರಳಚ್ಚಿನ ದೊಡ್ಡ ಲಾಭವೆಂದರೆ ಗುಂಪಿನ ನಡುವೆ ಪಿನ್ ಒತ್ತುವ ಪ್ರಸಂಗ ಅಪರೂಪವಾಗುತ್ತದೆ. ಆರಂಕಿಯ ಪಿನ್, ಮೇಲೆ ಬೆರಳಚ್ಚು: ನನ್ನ ಮಟ್ಟಿಗೆ ಇದರಲ್ಲಿ ಚರ್ಚೆಯಿಲ್ಲ. ಹಲವು ಅಗ್ಗದ ಫೋನುಗಳ ಮುಖಗುರುತು ಕೇವಲ ಮುಂದಿನ ಕ್ಯಾಮೆರಾವನ್ನು ನಂಬಿಕೊಂಡಿರುತ್ತದೆ. ಅದನ್ನು ಬಾಗಿಲು ಎಂದು ಕರೆಯಬಹುದು, ಬೀಗ ಎನ್ನಲಾರೆ.

ನಿಜವಾದ ಸ್ಪರ್ಧೆ ಇರುವುದು ಮುಂದಿನ ಹಂತದಲ್ಲಿ. ಗೂಗಲ್ 2024ರಲ್ಲಿ ತಂದ ಕಳ್ಳತನ ಪತ್ತೆಯ ಬೀಗ ಆಂಡ್ರಾಯ್ಡ್ 10 ಮತ್ತು ನಂತರದ ಬಹುತೇಕ ಫೋನುಗಳಲ್ಲಿದೆ. ಯಾರೋ ಫೋನನ್ನು ಸೆಳೆದು ಓಡಿದ ಅಥವಾ ಬೈಕಿನಲ್ಲಿ ಹಾರಿಸಿಕೊಂಡು ಹೋದ ಚಲನೆಯನ್ನು ಸೆನ್ಸರ್‌ಗಳಿಂದ ಗುರುತಿಸಿ ಅದು ಪರದೆಗೆ ಬೀಗ ಹಾಕುತ್ತದೆ. ಮೈದಾನದಲ್ಲಿ ಸೋದರಳಿಯನಿಗೆ ಕಳ್ಳನ ಪಾತ್ರ ಕೊಟ್ಟೆ. "ಮಾವ, ನಿಜವಾಗಿಯೂ ಓಡಲೇ?" ಎಂದು ಕೇಳಿ ಓಡಿದ. ಜೋರಾಗಿ ಸೆಳೆದು ಓಡಿದಾಗ ಕೆಲವೊಮ್ಮೆ ಬೀಗ ಬಿತ್ತು. ಮೆಲ್ಲಗೆ ತೆಗೆದುಕೊಂಡು ನಡೆದುಹೋದಾಗ ಬೀಳಲೇ ಇಲ್ಲ. ಬ್ಲೂಟೂತ್ ಅಥವಾ ವೈಫೈ ಸಂಪರ್ಕ ಗಟ್ಟಿಯಾಗಿದ್ದರೆ ಅದು ಸುಮ್ಮನಿರಬಹುದು, ಸ್ವಲ್ಪ ಹೊತ್ತಿನಲ್ಲಿ ಹಲವು ಸಲ ಬೀಗ ಬಿದ್ದರೂ ವಿರಾಮ ತೆಗೆದುಕೊಳ್ಳುತ್ತದೆ. ಹಾಗಾಗಿ ನಮ್ಮ ಆಟವೂ ಬೇಗ ಮುಗಿಯಿತು. ಅಷ್ಟರಲ್ಲಿ ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಹುಡುಗನನ್ನು ಹಿಡಿದು ನಿಲ್ಲಿಸಿದ್ದರು. ಆ ದಿನ ಅತ್ಯಂತ ಚೆನ್ನಾಗಿ ಕೆಲಸ ಮಾಡಿದ ಭದ್ರತೆ ಅದೇ. ಫಟ್ಕಾ ಏಟಿಗೆ ಹಳಿಯ ಪಕ್ಕ ಬಿದ್ದ ಫೋನನ್ನು ಬಾಗಿ ಎತ್ತಿಕೊಂಡರೆ ಈ ಬೀಗ ಏನು ಮಾಡೀತು ಎಂದು ನೋಡುವಷ್ಟು ಧಾರಾಳಿ ನಾನಲ್ಲ. ಬೈಕ್ ಕಳ್ಳರಿಗೆ ಇದು ಸರಿ, ಲೋಕಲಿಗೆ ಇದನ್ನೇ ನಂಬಿ ಕೂರುವಂತಿಲ್ಲ.

ಐಫೋನಿನ ದಾರಿ ಬೇರೆ. ಕದ್ದ ಫೋನಿನ ರಕ್ಷಣೆ ಎಂಬ ಸೌಲಭ್ಯ 2024ರ ಜನವರಿಯಲ್ಲಿ ಐಒಎಸ್ 17.3ರ ಜೊತೆ ಬಂತು. ಇದು ಕಳ್ಳನನ್ನು ಹಿಡಿಯಲು ಹೋಗುವುದಿಲ್ಲ, ಅವನನ್ನು ಕಾಯಿಸುತ್ತದೆ. ಪರಿಚಿತ ಸ್ಥಳದಿಂದ ಹೊರಗಿದ್ದಾಗ ಆಪಲ್ ಖಾತೆಯ ಪಾಸ್‌ವರ್ಡ್ ಬದಲಿಸಲು ಮುಖಗುರುತು ಬೇಕು, ಒಂದು ಗಂಟೆ ಕಾಯಬೇಕು, ಮತ್ತೆ ಮುಖ ತೋರಿಸಬೇಕು. ಪಾಸ್‌ಕೋಡ್ ಗೊತ್ತಿದ್ದರೂ ಸಾಲದು. ಆದರೆ ಮನೆ, ಕಚೇರಿಗಳನ್ನು ಅದು ಪರಿಚಿತ ಸ್ಥಳವೆಂದು ಸಲಿಗೆ ಕೊಡುತ್ತದೆ. ಹೆಂಡತಿಯ ಫೋನಿನಲ್ಲಿ 'ಸದಾಕಾಲ' ಎಂಬ ಆಯ್ಕೆ ಹಾಕಿದೆ. ಈಗ ಮನೆಯಲ್ಲೇ ಸೆಟ್ಟಿಂಗ್ ಬದಲಿಸಲು ಗಂಟೆ ಕಾಯಬೇಕೆಂದು ಅವಳ ಆಕ್ಷೇಪ. ಆಕ್ಷೇಪ ನ್ಯಾಯವಾದದ್ದೇ, ಆದರೂ ಎರಡರಲ್ಲಿ ನನಗೆ ಇದೇ ಮೇಲು. ಆಂಡ್ರಾಯ್ಡಿನಲ್ಲಿ ಇದಕ್ಕೆ ಹತ್ತಿರದ ಐಡೆಂಟಿಟಿ ಚೆಕ್ ಇದೆ, ಹೊಸ ಫೋನುಗಳಲ್ಲಿ ಮಾತ್ರ.

ಫೋನ್ ಹೋದ ಮೇಲೆ ದೂರದಿಂದ ಬೀಗ ಹಾಕುವುದರಲ್ಲಿ ಮಾತ್ರ ಆಂಡ್ರಾಯ್ಡ್ ಗೆದ್ದಿತು. ಗೂಗಲ್ ಖಾತೆಯ ಮೂಲಕ ಹುಡುಕಲು ಹೋದರೆ ಪಾಸ್‌ವರ್ಡ್ ನೆನಪಿರಬೇಕು. ಎರಡನೇ ಹಂತದ ದೃಢೀಕರಣದ ಸಂದೇಶವೂ ಕಳೆದುಹೋದ ಫೋನಿಗೇ ಹೋಗಬಹುದು! ಗೂಗಲ್‌ನದೇ ರಿಮೋಟ್ ಲಾಕ್ ಎಂಬ ಸೌಲಭ್ಯವನ್ನು ಮೊದಲೇ ಆನ್ ಮಾಡಿಟ್ಟಿದ್ದರೆ ಮುಖ್ಯವಾಗಿ ಬೇಕಾಗುವುದು ನಮ್ಮ ಮೊಬೈಲ್ ಸಂಖ್ಯೆ. ಭಾವನ ಫೋನಿನಿಂದ ನನ್ನದಕ್ಕೆ ಬೀಗ ಹಾಕಿ ನೋಡಿದೆ, ತಕರಾರಿಲ್ಲದೆ ಆಯಿತು. ಇದಕ್ಕೆ ಕದ್ದ ಫೋನಿನಲ್ಲಿ ಇಂಟರ್ನೆಟ್ ಇರಬೇಕು. ಕಳ್ಳ ಮೊದಲು ಏರೋಪ್ಲೇನ್ ಮೋಡ್ ಒತ್ತುತ್ತಾನೆ, ಇಲ್ಲವೇ ಸಿಮ್ ಕೀಳುತ್ತಾನೆ.

ಕಿತ್ತ ಸಿಮ್ ಎಲ್ಲಿಗೆ ಹೋಗುತ್ತದೆ? ಇನ್ನೊಂದು ಫೋನಿಗೆ. ಒಟಿಪಿಗಳೆಲ್ಲ ಅಲ್ಲಿಗೇ. ಇಷ್ಟು ಹೊತ್ತು ಹೋಲಿಸಿದ ಬೀಗಗಳಲ್ಲಿ ಒಂದೂ ಇದನ್ನು ತಡೆಯುವುದಿಲ್ಲ. ತಡೆಯುವುದು ಸಿಮ್ ಪಿನ್. ಹಳೆಯ ಕೀಪ್ಯಾಡ್ ಫೋನುಗಳ ಕಾಲದಿಂದ ಇರುವ, ಪೈಸೆ ಖರ್ಚಿಲ್ಲದ ಸೌಲಭ್ಯವನ್ನು ನಮ್ಮ ಕಟ್ಟಡದಲ್ಲಿ ನಾನು ಕೇಳಿದವರಾರೂ ಬಳಸುತ್ತಿರಲಿಲ್ಲ. ಫೋನ್ ಆನ್ ಮಾಡಿದಾಗಲೆಲ್ಲ, ಸಿಮ್ ಬೇರೆಡೆ ಹಾಕಿದಾಗಲೆಲ್ಲ ಪಿನ್ ಕೇಳುತ್ತದೆ. ಮೂರು ಸಲ ತಪ್ಪಿದರೆ ಸಿಮ್ ಕಂಪನಿಯ ಪಿಯುಕೆ ಎಂಬ ಬಿಡುಗಡೆಯ ಸಂಖ್ಯೆ ಬೇಕು. ಅದನ್ನು ಹತ್ತು ಸಲ ತಪ್ಪಿದರೆ ಸಿಮ್ ಸತ್ತಂತೆ. ಆದ್ದರಿಂದ ಆರಂಭದ ಪಿನ್ ಯಾವುದೆಂದು ಕಂಪನಿಯನ್ನು ಕೇಳಿಕೊಂಡೇ ಕೈ ಹಾಕಬೇಕು, ಊಹೆ ಬೇಡ. ಫೋನಿನೊಳಗೇ ಅಡಕವಾದ ಇ-ಸಿಮ್ ಇದಕ್ಕೆ ಎದುರಾಳಿ: ಕೀಳಲು ಬಾರದು. ಆದರೆ ಫೋನ್ ಕೆಟ್ಟ ದಿನ ಸಂಖ್ಯೆಯನ್ನು ಬೇರೆ ಫೋನಿಗೆ ಹಾಕಲು ಪರದಾಡಬೇಕು. ಮಳೆಗಾಲದಲ್ಲಿ ಫೋನ್ ನೆನೆಯುವ ಈ ಊರಿನಲ್ಲಿ ನಾನು ಸಾದಾ ಸಿಮ್ ಮತ್ತು ಪಿನ್ ಜೋಡಿಗೇ ಮತ ಹಾಕುತ್ತೇನೆ.

ಒಟಿಪಿಯ ಜೊತೆ ಇನ್ನೊಂದು ಕಂತು ಇದೆ. ಯುಪಿಐ ಪಿನ್ ಹೊಸದಾಗಿ ಹಾಕಲು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು ಮತ್ತು ಒಟಿಪಿ ಹಲವು ಬ್ಯಾಂಕುಗಳಿಗೆ ಸಾಕು. ಭಾವನ ಗ್ಯಾಲರಿಯಲ್ಲಿ ಕಾರ್ಡಿನ ಎರಡೂ ಬದಿಯ ಫೋಟೊ, ಅದರ ಪಕ್ಕ ಆಧಾರ್! ಗ್ಯಾಲರಿಗೂ ಸಂದೇಶಗಳಿಗೂ ಆ್ಯಪ್ ಲಾಕ್ ಹಾಕಿಸಿದೆ. ಫೋಟೊಗಳನ್ನು ಅಳಿಸಲು ಅವರು ಇನ್ನೂ ಒಪ್ಪಿಲ್ಲ.

ಕಳ್ಳತನ ತಡೆಯುವ ಹೊರಗಿನ ಆ್ಯಪ್ ಒಂದನ್ನೂ ಹಾಕಿ ನೋಡಿದೆ. ಸಂಪರ್ಕಗಳು, ಸಂದೇಶಗಳು, ಸ್ಥಳ ಎಲ್ಲದಕ್ಕೂ ಅನುಮತಿ ಕೇಳಿತು. ಅದೇ ಸಂಜೆ ತೆಗೆದುಹಾಕಿದೆ.

ಎರಡು ಫೋನುಗಳ ಪದ್ಧತಿ ಉಡುಪಿ ಹೋಟೆಲ್ ನಡೆಸುವ ಪರಿಚಿತರೊಬ್ಬರದು: ಬ್ಯಾಂಕಿನ ಫೋನ್ ಮನೆಯ ಕಪಾಟಿನಲ್ಲಿ, ಓಡಾಟಕ್ಕೆ ಅಗ್ಗದ್ದು. ಗಟ್ಟಿಯಾದದ್ದು ಇದೇ, ಅನುಮಾನವಿಲ್ಲ. ಆದರೆ ದಕ್ಷಿಣ ಮುಂಬೈಯ ಫೋರ್ಟ್‌ನ ಕಚೇರಿಯಲ್ಲಿ ಕುಳಿತವನಿಗೆ ಒಟಿಪಿ ಡೊಂಬಿವಲಿಗೆ ಬಂದರೆ ಏನು ಉಪಯೋಗ? ನಾನು ನಡುದಾರಿ ಹಿಡಿದೆ. ಒಯ್ಯುವ ಫೋನಿನಲ್ಲಿ ಹೊರಗಿನ ಖರ್ಚಿಗೆಂದೇ ಸಣ್ಣ ಖಾತೆ ಮತ್ತು ಯುಪಿಐ ಲೈಟ್. ವಡಾಪಾವಿಗೆ ಪಿನ್ ಒತ್ತಬೇಕಾಗಿಲ್ಲ, ಹೋದರೆ ಅದರಲ್ಲಿ ತುಂಬಿದಷ್ಟೇ ಹೋಗುತ್ತದೆ.

ಲ್ಯಾಪ್‌ಟಾಪಿನಲ್ಲಿ ಸ್ಪರ್ಧೆಯೇ ಇಲ್ಲ. ವಿಂಡೋಸ್ ಪಾಸ್‌ವರ್ಡ್ ಮಾತ್ರ ಇದ್ದರೆ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ ಎಲ್ಲವನ್ನೂ ಓದಬಹುದು. ಇಡೀ ಡಿಸ್ಕನ್ನೇ ಗೂಢಲಿಪಿಗೆ ತಿರುಗಿಸುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ ಆಗದು. ಅದರ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಲ್ಯಾಪ್‌ಟಾಪ್ ಚೀಲದಲ್ಲೇ ಇಟ್ಟುಕೊಳ್ಳಬಾರದು, ಅಷ್ಟೆ.

ಫೋನ್ ಹೋಗಿಯೇಬಿಟ್ಟರೆ ಮೊದಲು ಸಿಮ್ ನಿಲ್ಲಿಸಿ ಬ್ಯಾಂಕಿಗೆ ತಿಳಿಸಬೇಕು. ಹಣವೂ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ರೈಲಿನಲ್ಲಾದ ಕಳವಿಗೆ ರೈಲ್ವೆ ಪೊಲೀಸರ ಸಂಖ್ಯೆ 1512. ಆಮೇಲೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಕೊಟ್ಟು ಫೋನನ್ನೇ ತಡೆಹಿಡಿಸಬಹುದು. ಅದಕ್ಕೆ ಪೊಲೀಸ್ ದೂರಿನ ಪ್ರತಿ ಬೇಕು, ಒಟಿಪಿಗೆ ಹೊಸ ಸಿಮ್ ಬೇಕು, ಹೊಸ ಸಿಮ್‌ನಲ್ಲಿ ಸಂದೇಶಗಳು ಶುರುವಾಗಲು 24 ಗಂಟೆಯವರೆಗೂ ಹಿಡಿಯಬಹುದು. *#06# ಒತ್ತಿದರೆ ಐಎಂಇಐ ಕಾಣುತ್ತದೆ. ಎರಡು ಸಿಮ್‌ನ ಫೋನಿಗೆ ಎರಡು ಸಂಖ್ಯೆ ಇರುತ್ತವೆ, ಎರಡನ್ನೂ ಬರೆದಿಟ್ಟುಕೊಳ್ಳಿ, ಫೋನಿನಲ್ಲಿ ಅಲ್ಲ.