ಕೆಂಗಣ್ಣಿಗೆ ಮೆಡಿಕಲ್‌ನಿಂದ ಡ್ರಾಪ್ಸ್ ತಂದು ಹಾಕಬೇಡಿ

2023ರ ಮಳೆಗಾಲದಲ್ಲಿ ಮದ್ರಾಸ್ ಐ ಎಲ್ಲ ಕಡೆ ಹಬ್ಬಿತ್ತು, ನೆನಪಿದೆ ಅಲ್ವಾ? ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೂ ಬಂತು. ಮೊದಲು ಮಗಳಿಗೆ, ಮೂರು ದಿನ ಬಿಟ್ಟು ನನಗೆ. ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು, ಬೆಳಿಗ್ಗೆ ರೆಪ್ಪೆ ಅಂಟಿರುತ್ತಿತ್ತು. ಪೇಟೆಗೆ ಹೋದಾಗ ಒಂದು ಮೆಡಿಕಲ್‌ನಲ್ಲಿ ಕೇಳಿದೆ. ಚೀಟಿ ಕೇಳದೆ ಡ್ರಾಪ್ಸ್ ಕೊಟ್ಟರು.

ಎರಡೇ ದಿನಕ್ಕೆ ಕೆಂಪು ಇಳಿಯಿತು. ಬಿಟ್ಟರೆ ಮತ್ತೆ ಕೆಂಪು, ಹಾಕಿದರೆ ಆರಾಮ, ಹೀಗೆ ಮಾಡಿ ಮಾಡಿ ಐದು ವಾರ ಹಾಕಿದೆ. ಆಮೇಲೆ ರಾತ್ರಿ ಹೊತ್ತು ದೀಪದ ಸುತ್ತ ಬಣ್ಣದ ಬಳೆ ಕಾಣತೊಡಗಿತು. ಹುಬ್ಬಿನ ಹತ್ತಿರ ಭಾರ.

ಶಿವಮೊಗ್ಗಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಕಣ್ಣೊಳಗಿನ ಪ್ರೆಶರ್ ಸಾಮಾನ್ಯವಾಗಿ 10ರಿಂದ 21 ಇರಬೇಕು. ನನ್ನ ಬಲಗಣ್ಣಲ್ಲಿ 38 ಇತ್ತು! ಬಾಟಲಿ ನೋಡಿ, "ಇದರಲ್ಲಿ ಸ್ಟೀರಾಯ್ಡ್ ಇದೆಯಲ್ರೀ, ಯಾರು ಹಾಕಕ್ಕೆ ಹೇಳಿದ್ದು?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಣ್ಣೊಳಗೆ ನೀರು ಹುಟ್ಟುತ್ತಲೇ ಇರುತ್ತದೆ, ಜರಡಿಯಂಥ ಜಾಗದಿಂದ ಹೊರಗೆ ಬಸಿದು ಹೋಗುತ್ತದೆ. ತೋಟದ ಬಸಿಗಾಲುವೆಗೆ ಸೋಗೆ ಬಿದ್ದು ಕಟ್ಟಿಕೊಂಡರೆ ನೀರು ನಿಲ್ಲುತ್ತದಲ್ಲ, ಕೆಲವರ ಕಣ್ಣಲ್ಲಿ ಸ್ಟೀರಾಯ್ಡ್‌ನಿಂದ ಹಾಗೇ ಆಗುತ್ತದೆ. ಒಳಗೆ ಪ್ರೆಶರ್ ಏರುತ್ತದೆ. ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಇದ್ದರೆ ಅಪಾಯ ಜಾಸ್ತಿ. ನಮ್ಮ ಅಪ್ಪಯ್ಯನಿಗೆ ಇತ್ತು. ಎಷ್ಟೋ ಜನರಿಗೆ ನೋವೇ ಇರುವುದಿಲ್ಲ, ಒಳಗೆ ನರ ಸಾಯುತ್ತಿರುತ್ತದೆ, ಸತ್ತ ನರ ಮತ್ತೆ ಬರುವುದಿಲ್ಲ. ನನ್ನ ಬಲಗಣ್ಣಿನ ಅಂಚಿನಲ್ಲಿ ಸ್ವಲ್ಪ ದೃಷ್ಟಿ ಹೋಗಿದೆ.

ಮದ್ರಾಸ್ ಐ ಹೆಚ್ಚಾಗಿ ವೈರಸ್‌ನಿಂದ ಬರುತ್ತದೆ. ಸ್ಟೀರಾಯ್ಡ್ ವೈರಸ್ಸನ್ನು ಕೊಲ್ಲುವುದಿಲ್ಲ, ಕೆಂಪನ್ನು ಮಾತ್ರ ಅಡಗಿಸುತ್ತದೆ. ಬಂದಿರುವುದು ಹರ್ಪಿಸ್ ವೈರಸ್ ಆಗಿದ್ದರೆ ಕರಿಗುಡ್ಡೆಯ ಹುಣ್ಣು ಇನ್ನೂ ಹೆಚ್ಚುತ್ತದೆ. ಮಾಮೂಲಿ ಮದ್ರಾಸ್ ಐ ಎರಡು ಮೂರು ವಾರದಲ್ಲಿ ತಾನಾಗೇ ಹೋಗುತ್ತದೆ. ತಣ್ಣನೆ ಬಟ್ಟೆ ಇಡಿ, ಕೈ ತೊಳೆಯುತ್ತಿರಿ, ಟವೆಲ್ ಬೇರೆ ಮಾಡಿ. ನೋವು ಜಾಸ್ತಿ ಇದ್ದರೆ, ಬೆಳಕು ನೋಡಲು ಆಗದಿದ್ದರೆ, ದೃಷ್ಟಿ ಮಂಜಾದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ಬಾಟಲಿ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಅಂತ ಇದೆಯಾ ನೋಡಿ, ಇವೆಲ್ಲ ಸ್ಟೀರಾಯ್ಡ್. ಡಾಕ್ಟರೇ ಬರೆದುಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ, "ಪ್ರೆಶರ್ ಯಾವಾಗ ನೋಡ್ತೀರಿ?" ಎಂದು ಕೇಳಿ. ಪ್ರೆಶರ್ ಇಳಿಸಲು ನನಗೆ ಕೊಟ್ಟಿರುವ ಟಿಮೊಲಾಲ್ ಹನಿಯನ್ನೂ ಯಾರೂ ಸುಮ್ನೆ ಕೇಳಿ ಹಾಕಿಕೊಳ್ಳಬೇಡಿ. ಅದು ಉಬ್ಬಸ ಇರುವವರಿಗೆ ಆಗುವುದಿಲ್ಲ.