ಹೀಟ್ ಪಂಪ್ ವಾಟರ್ ಹೀಟರ್: ಹೊಸ ಮನೆಯಲ್ಲಿ ಒಂದು ವರ್ಷ

ಹೊಸ ಮನೆಗೆ ವೈರಿಂಗ್ ಮಾಡಿಸುವಾಗ ಹೀಟರ್‌ಗೆ ಅಂತಲೇ ಒಂದು ಸಣ್ಣ ಮೀಟರ್ ಹಾಕಿಸಿದ್ದೆ. "ಇದೆಲ್ಲ ಯಾಕೆ ಮೇಡಂ, ಸುಮ್ನೆ ಖರ್ಚು" ಅಂದಿದ್ದರು ಎಲೆಕ್ಟ್ರಿಷಿಯನ್. ಎಷ್ಟು ಉಳಿಯುತ್ತದೆ ಅನ್ನುವುದು ನನಗೆ ಕಣ್ಣಿಗೆ ಕಾಣಬೇಕಿತ್ತು. ಈಗ ಒಂದು ವರ್ಷವಾಯಿತು. ಪ್ರತಿ ಭಾನುವಾರ ಆ ಮೀಟರ್ ನೋಡಿ ಬರೆದಿಟ್ಟ ನೋಟ್‌ಬುಕ್ ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಾವು ತಂದಿದ್ದು 200 ಲೀಟರಿನ ಹೀಟ್ ಪಂಪ್ ವಾಟರ್ ಹೀಟರ್. ಮನೆಯಲ್ಲಿ ಐದು ಜನ. ಫ್ರಿಜ್ಜಿನ ಹಿಂದೆ ಕೈ ಇಟ್ಟರೆ ಬೆಚ್ಚಗಿರುತ್ತದೆ ಅಲ್ವಾ? ಒಳಗಿನ ಶಾಖವನ್ನು ಎಳೆದು ಅದು ಹಿಂದೆ ಬಿಡುತ್ತಿರುತ್ತದೆ. ಈ ಹೀಟರ್ ಅದೇ ಕೆಲಸವನ್ನು ತಿರುಗಿಸಿ ಮಾಡುತ್ತದೆ. ಸುತ್ತಲಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ಟ್ಯಾಂಕಿನ ನೀರಿಗೆ ಕೊಡುತ್ತದೆ. ಕರೆಂಟ್ ಬೇಕಾಗುವುದು ಆ ಶಾಖವನ್ನು ಸಾಗಿಸುವುದಕ್ಕಷ್ಟೇ.

ಲೆಕ್ಕ ಹೀಗಿದೆ. 20 ಡಿಗ್ರಿಯ 200 ಲೀಟರ್ ನೀರು 55 ಡಿಗ್ರಿಗೆ ಬರಬೇಕಾದರೆ ಸುಮಾರು 8 ಯೂನಿಟ್ ಶಾಖ ಬೇಕು. ಕಾಯಿಲ್ ಇರುವ ಗೀಸರ್ ಎಷ್ಟೇ ಒಳ್ಳೆಯದಾದರೂ ಅಷ್ಟೂ ಕರೆಂಟಿನಿಂದಲೇ ಬರಬೇಕು. ಹೀಟ್ ಪಂಪಿಗೆ ಹೆಚ್ಚುಕಮ್ಮಿ ಅದರ ಮೂರನೇ ಒಂದು ಭಾಗ ಸಾಕು. ನನ್ನ ನೋಟ್‌ಬುಕ್ಕೂ ಅದನ್ನೇ ಹೇಳುತ್ತಿದೆ: ಸೆಕೆಯ ತಿಂಗಳುಗಳಲ್ಲಿ ದಿನಕ್ಕೆ 2 ಯೂನಿಟ್ ಆಸುಪಾಸು, ಚಳಿಯಲ್ಲಿ 3ಕ್ಕಿಂತ ತುಸು ಜಾಸ್ತಿ. ಚಳಿಯಲ್ಲಿ ಒಳಗೆ ಬರುವ ನೀರೂ ತಣ್ಣಗಿರುತ್ತದೆ, ಗಾಳಿಯಿಂದ ಶಾಖ ಎಳೆಯುವ ಶ್ರಮವೂ ಹೆಚ್ಚು.

ಆದರೆ ಮೊದಲ ಎರಡು ತಿಂಗಳು ಈ ಲೆಕ್ಕ ಕೂಡಿಬರಲೇ ಇಲ್ಲ. ಸೆಕೆಗಾಲದಲ್ಲೂ ದಿನಕ್ಕೆ 4 ಯೂನಿಟ್ ತೋರಿಸುತ್ತಿತ್ತು. ನನಗೆ ತುಂಬಾ ಬೇಜಾರಾಗಿತ್ತು. ಕೂರಿಸಲು ಬಂದವರು ಅದನ್ನು ಮೆಟ್ಟಿಲ ಕೆಳಗಿನ ಪುಟ್ಟ ಸ್ಟೋರ್ ರೂಮಿನಲ್ಲಿ ಇಟ್ಟು, ಬಾಗಿಲು ಮುಚ್ಚಿ ಹೋಗಿದ್ದರು. ಒಂದು ದಿನ ಪೊರಕೆಗೆ ಅಂತ ಬಾಗಿಲು ತೆಗೆದರೆ ಮುಖಕ್ಕೆ ತಣ್ಣನೆ ಗಾಳಿ ಬಡಿಯಿತು. ಆಗ ಗೊತ್ತಾಯಿತು. ಅಷ್ಟು ಚಿಕ್ಕ ಕೋಣೆಯ ಶಾಖವನ್ನೆಲ್ಲ ಎಳೆದು ಮುಗಿಸಿ, ತಾನೇ ಬಿಟ್ಟ ತಣ್ಣನೆ ಗಾಳಿಯನ್ನು ಅದು ಮತ್ತೆ ಮತ್ತೆ ಎಳೆದುಕೊಳ್ಳುತ್ತಿತ್ತು. ಜೊತೆಗೆ ಬಂದ ಪುಸ್ತಕ ತೆಗೆದು ನೋಡಿದೆ. ಕಡಿಮೆಯೆಂದರೂ 20 ಘನ ಮೀಟರ್ ಜಾಗ ಬೇಕು ಅಂತ ಸ್ಪಷ್ಟವಾಗಿ ಬರೆದಿತ್ತು. ನಮ್ಮ ಸ್ಟೋರ್ ರೂಮು 6 ಘನ ಮೀಟರ್ ಕೂಡ ಇಲ್ಲ. ಬಡಗಿಯನ್ನು ಕರೆಸಿ ಬಾಗಿಲಿನ ಮೇಲೊಂದು, ಕೆಳಗೊಂದು ದೊಡ್ಡ ಜಾಲರಿ ಹಾಕಿಸಿದೆವು. ಅದೇ ವಾರ ಮೀಟರ್ ಇಳಿಯಿತು.

ಅದೇ ಜಾಗದ ಇನ್ನೊಂದು ತೊಂದರೆ ನೀರು. ಗಾಳಿ ತಣಿದರೆ ಅದರಲ್ಲಿರುವ ತೇವ ಹನಿಹನಿಯಾಗಿ ಇಳಿಯುತ್ತದೆ, ಎಸಿಯಲ್ಲಿ ಇಳಿಯುವ ಹಾಗೆಯೇ. ನೆಲ ಹಾಸುವ ಮೊದಲೇ ಅಲ್ಲೊಂದು ಡ್ರೈನ್ ಪೈಪ್ ಬಿಡಬೇಕು. ನಮಗೆ ಯಾರೂ ಹೇಳಲಿಲ್ಲ. ತಿಂಗಳುಗಟ್ಟಲೆ ಬಕೆಟ್ ಇಟ್ಟು ಚೆಲ್ಲಿ, ಆಮೇಲೆ ಹೊಸದಾಗಿ ಬಣ್ಣ ಹೊಡೆದ ಗೋಡೆಯನ್ನು ಕೊರೆಸಿದೆವು.

ಶಬ್ದದ ಬಗ್ಗೆಯೂ ಹೇಳಬೇಕು. ಫ್ರಿಜ್ಜಿಗಿಂತ ಜಾಸ್ತಿಯೇ ಇದೆ. ಸ್ಟೋರ್ ರೂಮಿನ ಗೋಡೆಯ ಆಚೆ ಅತ್ತೆ ಮಲಗುತ್ತಾರೆ. "ರಾತ್ರಿಯೆಲ್ಲ ಗೊರ್ ಅಂತಿತ್ತು ಕಣಮ್ಮ, ನಿದ್ದೆನೇ ಬರಲಿಲ್ಲ" ಅಂದರು. ಕೆಳಗೆ ರಬ್ಬರ್ ಪ್ಯಾಡ್ ಇಟ್ಟು, ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಮಾತ್ರ ಓಡುವಂತೆ ಟೈಮರ್ ಬದಲಾಯಿಸಿದೆ. ಮಧ್ಯಾಹ್ನದ ಗಾಳಿ ಬೆಚ್ಚಗಿರುವುದರಿಂದ ಕರೆಂಟೂ ಕಡಿಮೆ ಎಳೆಯುತ್ತದೆ. ಮರುದಿನ ಬೆಳಗಿನ ಸ್ನಾನಕ್ಕೂ ನೀರು ಬಿಸಿಯಾಗಿಯೇ ಇರುತ್ತದೆ. ಟ್ಯಾಂಕಿನ ಸುತ್ತ ಅಷ್ಟು ದಪ್ಪ ಇನ್ಸುಲೇಷನ್ ಇದೆ.

ನಿಧಾನ ಅನ್ನುವುದು ನಿಜ. ಟ್ಯಾಂಕ್ ಪೂರ್ತಿ ಖಾಲಿಯಾದರೆ ಮತ್ತೆ ಕಾಯಲು ನಾಲ್ಕೂವರೆ ಗಂಟೆ ಹಿಡಿಯುತ್ತದೆ. ನೆಂಟರು ಬಂದ ದಿನ ಒಳಗಿರುವ ಕಾಯಿಲ್ ಕೂಡ ಹಾಕಿಕೊಳ್ಳುತ್ತೇವೆ. ವಾರಕ್ಕೊಮ್ಮೆ ಹೀಟರ್ ತಾನಾಗಿಯೇ ನೀರನ್ನು 60 ಡಿಗ್ರಿಗೆ ಏರಿಸುತ್ತದೆ. ಇದನ್ನು ದಯವಿಟ್ಟು ಆಫ್ ಮಾಡಬೇಡಿ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ. ಶ್ವಾಸಕೋಶಕ್ಕೆ ಅದು ಅಪಾಯ. 60 ಡಿಗ್ರಿಯಲ್ಲಿ ಅದು ಸಾಯುತ್ತದೆ.

ನಾವು ಸರಿಯಾಗಿ ಮಾಡಿದ್ದು ಪೈಪಿನ ವಿಷಯ. ಹಳೆಯ ಮನೆಯಲ್ಲಿ ಗೀಸರಿನಿಂದ ಅಡುಗೆಮನೆಗೆ 12 ಮೀಟರ್ ಪೈಪ್ ಇತ್ತು. ಒಳಗಿನ ಅಗಲ 15 ಮಿಲಿಮೀಟರ್ ಅಂದರೂ ಅದರಲ್ಲಿ 2 ಲೀಟರಿಗಿಂತ ಜಾಸ್ತಿ ನೀರು ನಿಂತಿರುತ್ತದೆ. ಪ್ರತಿ ಸಲ ಅಷ್ಟನ್ನು ಚೆಲ್ಲಿ ಬಿಸಿನೀರಿಗೆ ಕಾಯಬೇಕು. ಇಲ್ಲಿ ಎರಡು ಬಚ್ಚಲು, ಅಡುಗೆಮನೆ ಮೂರೂ ಟ್ಯಾಂಕಿನ ಹತ್ತಿರವೇ ಬರುವಂತೆ ನಕ್ಷೆ ಬರೆಸಿದೆವು. ಪ್ಲಾಸ್ಟರ್ ಆಗುವ ಮುಂಚೆಯೇ ಬಿಸಿನೀರಿನ ಪೈಪಿಗೆಲ್ಲ ಫೋಮ್ ಸುತ್ತಿಸಿದೆವು. ನಾಲ್ಕು ಸೆಕೆಂಡಿಗೆ ನೀರು ಬಿಸಿ ಬರುತ್ತದೆ.

ಎಸಿಯೂ ಇದೇ ಹೀಟ್ ಪಂಪ್ ತರಹದ್ದು, ಬಿಸಿ-ತಂಪು ಎರಡೂ ಕೊಡುವ ಮಾದರಿಯಾದರೆ ಚಳಿಯಲ್ಲಿ ಅದೇ ಕೆಲಸವನ್ನು ತಿರುಗಿಸಿ ಮಾಡಿ ಕೋಣೆಯನ್ನು ಬೆಚ್ಚಗೂ ಮಾಡುತ್ತದೆ. ಮಲಗುವ ಕೋಣೆಗೆ 2 ಟನ್ ಬೇಕೇ ಬೇಕು ಅಂದಿದ್ದರು ಅಂಗಡಿಯವರು. ನಾವು ಮೊದಲು ಸೂರಿಗೆ ಇನ್ಸುಲೇಷನ್ ಹಾಕಿಸಿ, ಆಮೇಲೆ 1 ಟನ್ನಿನ ಇನ್ವರ್ಟರ್ ಎಸಿ ತಂದೆವು, ಸಾಕಾಗಿದೆ. ಅಗತ್ಯಕ್ಕಿಂತ ದೊಡ್ಡದು ತಂದರೆ ಕೋಣೆ ಬೇಗ ತಣ್ಣಗಾಗಿ ಎಸಿ ನಿಲ್ಲುತ್ತದೆ, ಗಾಳಿಯ ತೇವ ಹಾಗೇ ಉಳಿದು ಮೈ ಅಂಟುತ್ತದೆ.

ಹೀಟರಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಕೂರಿಸಿಕೊಟ್ಟವರಿಗೆ ಎರಡೇ. ಮೊನ್ನೆ ವರ್ಷದ ಸರ್ವಿಸ್‌ಗೆ ಬಂದ ಹುಡುಗ ಟ್ಯಾಂಕಿನ ಆನೋಡ್ ಸರಳು ನೋಡಬೇಕು ಅಂದ. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಷಿಯಂ ಸರಳು ಅದು. ಮೇಲಕ್ಕೆ ಎಳೆದು ತೆಗೆಯಬೇಕು. ಸರಳು ಹತ್ತಿರ ಹತ್ತಿರ ಒಂದು ಮೀಟರ್ ಉದ್ದ, ಮೆಟ್ಟಿಲ ಕೆಳಗೆ ಟ್ಯಾಂಕಿನ ಮೇಲಿರುವ ಜಾಗ ಒಂದು ಮೊಳ. ತುಂಡುಗಳನ್ನು ಕೊಂಡಿಯಿಂದ ಜೋಡಿಸಿದ, ಬಾಗುವ ಸರಳು ಸಿಗುತ್ತದೆ. ಅದನ್ನೇ ತರಿಸಲು ಹೇಳಿ ಕಳಿಸಿದ್ದೇನೆ.